ರೋಗಿಯ ಕಡೆಯವರು ಯಾರು?

ಕೆಲವು ವರ್ಷದ ಹಿಂದೆ ಚಿಕ್ಕಪ್ಪನ ಮಗನನ್ನು ಕರೆದುಕೊಂಡು ಒಂದು ಆಸ್ಪತ್ರೆಗೆ ಹೋಗಿದ್ದೆ. ಯಾವ ಆಸ್ಪತ್ರೆ ಅನ್ನೋದು ಬೇಡ. ಅವನಿಗೆ ಆಗ ಮೂವತ್ತು ದಾಟಿತ್ತು. ಯಾರೂ ಇಲ್ಲದ ಕಡೆ ಮಾತು ಕೇಳಿಸುತ್ತದೆ ಅನ್ನುತ್ತಿದ್ದ. ಎರಡು ವರ್ಷದಿಂದ ಮಾತ್ರೆ ನಡೆಯುತ್ತಿತ್ತು. ನಡುನಡುವೆ ತಾನಾಗೇ ಬಿಡುತ್ತಿದ್ದ.

ನಮ್ಮ ಸರತಿ ಬಂತು. ಡಾಕ್ಟರು ಚೀಟಿ ನೋಡಿ, "ಇವರ ಕಡೆಯವರು ಯಾರು?" ಅಂದರು. ನಾನು ಮುಂದೆ ಹೋದೆ. ಆಮೇಲಿನ ಐದು ನಿಮಿಷ ಮಾತೆಲ್ಲ ನಮ್ಮಿಬ್ಬರದೇ. ನಿದ್ದೆ ಮಾಡ್ತಾರಾ, ಊಟ ಹೇಗೆ, ಗಲಾಟೆ ಇದೆಯಾ, ಮಾತ್ರೆ ಯಾಕೆ ಬಿಟ್ಟರು? ಎಲ್ಲದಕ್ಕೂ ನಾನೇ ಉತ್ತರ ಕೊಟ್ಟೆ. ಮಾತ್ರೆ ವಿಷಯಕ್ಕೆ "ಹಟ ಸಾರ್" ಅಂದೆ. ಅವನು ಪಕ್ಕದ ಸ್ಟೂಲಿನ ಮೇಲೆ ಕೂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದ. "ಮಾತ್ರೆ ತಗೊಂಡ್ರೆ ಕೈ ನಡುಗ್ತದೆ ಅಣ್ಣಾ. ಮೆಟ್ಟುಗತ್ತಿ ಮುಂದೆ ಕೂರಕ್ಕಾಗಲ್ಲ."

ಮಲೆನಾಡಿನವರಿಗೆ ಇಷ್ಟು ಹೇಳಿದರೆ ಸಾಕು. ಬೇರೆಯವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾದ ಮೇಲೆ ಹಸಿ ಅಡಿಕೆ ಸುಲಿಯಬೇಕು. ಮೆಟ್ಟುಗತ್ತಿಯ ಅಲಗಿಗೆ ಒಂದೊಂದೇ ಅಡಿಕೆ ಒತ್ತಿ ಸಿಪ್ಪೆ ಬಿಡಿಸುವ ಕೆಲಸ. ರಾತ್ರಿ ಹತ್ತು ಹನ್ನೊಂದಾದರೂ ನಡೆಯುತ್ತಲೇ ಇರುತ್ತದೆ. ಸುಲಿದಷ್ಟಕ್ಕೆ ಕೂಲಿ. ಊರಿನ ಅರ್ಧ ಸುದ್ದಿ, ನಗು, ಜಗಳ, ಮದುವೆ ಮಾತುಕತೆ ಎಲ್ಲ ಆ ಅಂಗಳದಲ್ಲೇ. ನನ್ನ ತಮ್ಮನ ಜೊತೆ ಜನ ಮಾಮೂಲಿಯಾಗಿ ಮಾತಾಡುತ್ತಿದ್ದದ್ದು ವರ್ಷದಲ್ಲಿ ಆ ಎರಡು ಮೂರು ತಿಂಗಳು ಮಾತ್ರ. ಕೈ ನಡುಗಿದರೆ ಬೆರಳು ಹೋಗುತ್ತದೆ. ಹಾಗಾಗಿ ಮಾತ್ರೆ ಬಿಟ್ಟಿದ್ದ.

ಕೈ ನಡುಕ ಆ ಜಾತಿಯ ಔಷಧಿಗಳಿಗೆ ಹೊಸದೇನಲ್ಲ. ಪ್ರಮಾಣ ಇಳಿಸಬಹುದು, ಮಾತ್ರೆ ಬದಲಿಸಬಹುದು, ನಡುಕಕ್ಕೆಂದೇ ಇನ್ನೊಂದು ಕೊಡಬಹುದು. ಮುಂದಿನ ಸಲ ಹಾಗೇ ಆಯಿತು. ಅವನನ್ನು ಮೊದಲೇ ಕೇಳಿದ್ದರೆ ಎರಡು ಸುಗ್ಗಿ ಉಳಿಯುತ್ತಿತ್ತು. ಡಾಕ್ಟರನ್ನೇ ದೂರುವುದಿಲ್ಲ. ನಮ್ಮ ಹಿಂದೆ ನಲವತ್ತು ಜನ ನಿಂತಿದ್ದರು. ಅಲ್ಲದೆ ಕಡೆಯವನು ನಾನೇ ಅಂತ ಮುಂದೆ ಬಿದ್ದವನು ನಾನು.

ಈಗ ಸರ್ಕಾರದ ಕಾಗದಗಳಲ್ಲಿ "ವ್ಯಕ್ತಿ ಕೇಂದ್ರಿತ ಆರೈಕೆ" ಅನ್ನುವ ಮಾತು ಜಾಸ್ತಿ ಕಾಣುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಮುದಾಯದ ಮಾನಸಿಕ ಆರೋಗ್ಯ ಸೇವೆಗಳ ಬಗ್ಗೆ ದೊಡ್ಡದೊಂದು ಮಾರ್ಗದರ್ಶಿ ತಂದಿತು. ಅದರ ತಿರುಳೇ ಇದು. ಕೇಳಲು ಒಳ್ಳೆಯ ನಡವಳಿಕೆಯ ಪಾಠದ ಹಾಗಿದೆ. ರೋಗಿಯ ಹತ್ತಿರ ಮೆತ್ತಗೆ ಮಾತಾಡಿ, ನಗುಮುಖ ಇಟ್ಟುಕೊಳ್ಳಿ, ಅಷ್ಟೇ ಅಲ್ವಾ ಅನ್ನಿಸಬಹುದು. ವಿಷಯ ಅದಲ್ಲ. ಚಿಕಿತ್ಸೆ ಸರಿಹೋಯಿತೋ ಇಲ್ಲವೋ ಅಂತ ಯಾರ ಅಳತೆಗೋಲಿನಲ್ಲಿ ಅಳೆಯುತ್ತೀರಿ ಅನ್ನುವುದು ಪ್ರಶ್ನೆ. ಡಾಕ್ಟರ ಲೆಕ್ಕದಲ್ಲಿ ದನಿ ಕೇಳಿಸುವುದು ಕಡಿಮೆಯಾದರೆ ಗೆಲುವು. ಮನೆಯವರ ಲೆಕ್ಕದಲ್ಲಿ ಗಲಾಟೆ ನಿಂತರೆ ಗೆಲುವು. ನನ್ನ ತಮ್ಮನ ಲೆಕ್ಕದಲ್ಲಿ ಅಡಿಕೆ ಸುಲಿಯಲು ಕೂತರೆ ಗೆಲುವು. ಮೂರನೆಯ ಲೆಕ್ಕ ಯಾವ ಚೀಟಿಯಲ್ಲೂ ಇರಲಿಲ್ಲ.

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ದೊಡ್ಡವರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ದೊಡ್ಡ ಸಂಖ್ಯೆ, ನಿಜ. ಆದರೆ ಈ ಲೆಕ್ಕದ ಒಂದು ಕಷ್ಟ ನೋಡಿ. ನನ್ನ ತಮ್ಮ ಚೀಟಿ ಮಾಡಿಸಿದ್ದ, ಮಾತ್ರೆ ಪಡೆದಿದ್ದ. ಅಂದರೆ ಅವನು "ಚಿಕಿತ್ಸೆ ಸಿಕ್ಕವರ" ಸಾಲಿನಲ್ಲಿದ್ದ. ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸುವವರು ಯಾರೂ ಇರಲಿಲ್ಲ.

ಕಾನೂನಿನ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು, ಯಾಕೆಂದರೆ ಕಾನೂನು ನಮ್ಮ ಆಸ್ಪತ್ರೆಗಳಿಗಿಂತ ತುಂಬಾ ಮುಂದೆ ಹೋಗಿದೆ. ಬ್ರಿಟಿಷರ ಕಾಲದ 1912ರ ಕಾಯ್ದೆಯ ಹೆಸರಿನಲ್ಲೇ "ಹುಚ್ಚು" ಇತ್ತು. 1987ರ ಕಾಯ್ದೆ ಆ ಹೆಸರು ತೆಗೆಯಿತು, ಆದರೆ ಅದರ ಗಮನವೆಲ್ಲ ಆಸ್ಪತ್ರೆಗೆ ಸೇರಿಸುವುದು, ಬಿಡುಗಡೆ ಮಾಡುವುದು, ಲೈಸೆನ್ಸ್ ಕೊಡುವುದರ ಮೇಲೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಕಾಯಿಲೆಯವರಿಗೆ ಹಕ್ಕು ಇದೆ ಅಂತ ಇದು ಒಂದೊಂದಾಗಿ ಬರೆಯಿತು. ಆಸ್ಪತ್ರೆಯಲ್ಲಿ ತನ್ನದೇ ಬಟ್ಟೆ ಹಾಕಿಕೊಳ್ಳುವ ಹಕ್ಕು, ಒತ್ತಾಯದಿಂದ ತಲೆ ಬೋಳಿಸಬಾರದು ಅನ್ನುವ ಹಕ್ಕು ಕೂಡ ಅದರಲ್ಲಿದೆ. ಇಷ್ಟು ಸಣ್ಣ ವಿಷಯವನ್ನೂ ಕಾನೂನಿನಲ್ಲಿ ಬರೆಯಬೇಕಾಯಿತು ಅಂದರೆ ಮೊದಲು ಏನು ನಡೆಯುತ್ತಿತ್ತು ಅಂತ ಊಹಿಸಿಕೊಳ್ಳಿ.

ಅದರ 4ನೇ ಸೆಕ್ಷನ್ ನನಗೆ ತುಂಬಾ ಇಷ್ಟ. ಒಬ್ಬ ವ್ಯಕ್ತಿ ತನ್ನ ಚಿಕಿತ್ಸೆ ಬಗ್ಗೆ ಮಾಡಿದ ತೀರ್ಮಾನ ಬೇರೆಯವರಿಗೆ ತಪ್ಪು ಅನ್ನಿಸಬಹುದು. ಅಷ್ಟಕ್ಕೇ ಅವರಿಗೆ ತೀರ್ಮಾನ ಮಾಡುವ ಶಕ್ತಿ ಇಲ್ಲ ಅನ್ನುವ ಹಾಗಿಲ್ಲ. ನಮ್ಮ ಮನೆಗಳಲ್ಲಿ ನಡೆಯುವುದು ಸರಿಯಾಗಿ ಇದರ ಉಲ್ಟಾ. ಒಪ್ಪಿದರೆ "ಈಗ ಹುಷಾರಾಗಿದ್ದಾನೆ", ಒಪ್ಪದಿದ್ದರೆ "ತಲೆ ಸರಿ ಇಲ್ಲ".

5ನೇ ಸೆಕ್ಷನ್ ಪ್ರಕಾರ ಮುಂದೆ ಕಾಯಿಲೆ ಜೋರಾದರೆ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಈಗಲೇ ಬರೆದಿಡಬಹುದು. ಮುಂಗಡ ನಿರ್ದೇಶನ ಅಂತ ಅದಕ್ಕೆ ಹೆಸರು. ತುರ್ತು ಚಿಕಿತ್ಸೆಗೆ ಇದು ಅಡ್ಡ ಬರುವುದಿಲ್ಲ. 14ನೇ ಸೆಕ್ಷನ್ ಇನ್ನೂ ಸರಳ. ನನ್ನ ಪರವಾಗಿ ಮಾತಾಡುವವರು ಯಾರು ಅಂತ ನಾನೇ ಆರಿಸಿಕೊಳ್ಳಬಹುದು. ಬಿಳಿ ಕಾಗದದ ಮೇಲೆ ಬರೆದು ಸಹಿ ಹಾಕಿದರೆ ಆಯಿತು. ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ. ಗಂಡನೇ ಆಗಬೇಕು, ಅಪ್ಪನೇ ಆಗಬೇಕು ಅಂತ ಇಲ್ಲ. ನಾಮನಿರ್ದೇಶಿತ ಪ್ರತಿನಿಧಿ ಅನ್ನುವ ಭಾರದ ಹೆಸರು ಕೊಟ್ಟಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದೇ "ಕಡೆಯವರು". ಒಂದೇ ವ್ಯತ್ಯಾಸ. ಇಲ್ಲಿ ಕಡೆಯವರು ಯಾರು ಅಂತ ಹೇಳುವುದು ರೋಗಿ, ಮುಂದೆ ನಿಂತವರಲ್ಲ.

ಇದಕ್ಕೆ ದುಡ್ಡು ಬೇಡ, ಕಟ್ಟಡ ಬೇಡ. ಹಾಗಿದ್ದರೂ ನನ್ನ ಪರಿಚಯದ ಮನೆಗಳಲ್ಲಿ ಇಂಥ ಕಾಗದ ಬರೆದವರು ಯಾರೂ ಇರಲಿಲ್ಲ. ಯಾಕೆಂದರೆ ಕಾಗದ ಪೆನ್ನು ಕೊಟ್ಟು, ಪಕ್ಕದಲ್ಲಿ ಅರ್ಧ ಗಂಟೆ ಕೂತು, "ನಿಮಗೆ ಯಾರ ಮೇಲೆ ನಂಬಿಕೆ?" ಅಂತ ಕೇಳುವ ಕೆಲಸ ಯಾರ ಡ್ಯೂಟಿಯಲ್ಲೂ ಬರುವುದಿಲ್ಲ.

ವ್ಯವಸ್ಥೆಯೇ ಇಲ್ಲ ಅಂತ ಹೇಳಿದರೆ ಅನ್ಯಾಯ. ಮಾನಸಿಕ ಚಿಕಿತ್ಸೆಯನ್ನು ದೊಡ್ಡಾಸ್ಪತ್ರೆಯ ಗೋಡೆಯಿಂದ ಹೊರಗೆ ತಂದವರಲ್ಲಿ ಕರ್ನಾಟಕದವರು ಮುಂದಿದ್ದರು. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ನಿಮ್ಹಾನ್ಸ್ ಪ್ರಯೋಗ ಶುರುಮಾಡಿತು. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅಲ್ಲೇ ಮಾತ್ರೆ ಸಿಗುವ ಹಾಗೆ ಮಾಡಿದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯಿತು. ಈಗ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಮಂಗಳವಾರ ನಮ್ಮಲ್ಲಿ ಅಮ್ಮನವರ ಗುಡಿಗೆ ಹೋಗುವ ದಿನವೂ ಹೌದು. ಬೆಳಿಗ್ಗೆ ಅಲ್ಲಿ, ಮಧ್ಯಾಹ್ನ ಇಲ್ಲಿ ಅಂತ ಎರಡೂ ಮುಗಿಸಿ ಬರುವವರನ್ನು ನೋಡಿದ್ದೇನೆ. ಅದರಲ್ಲಿ ತಪ್ಪೇನೂ ಕಾಣಿಸಲಿಲ್ಲ.

ಶಿವಮೊಗ್ಗಕ್ಕೆ ಇನ್ನೊಂದು ಅನುಕೂಲವೂ ಇತ್ತು. 2016ರಲ್ಲಿ ತೀರಿಕೊಂಡ ಡಾ. ಅಶೋಕ್ ಪೈ ಇದೇ ಊರಿನಲ್ಲಿದ್ದು ಮನಸ್ಸಿನ ಕಾಯಿಲೆ ಬಗ್ಗೆ ಕನ್ನಡದಲ್ಲಿ ಬರೆದರು, ಭಾಷಣ ಮಾಡಿದರು, ಸಿನಿಮಾದವರೆಗೂ ತಂದರು. ಹಾಗಾಗಿ ಇಲ್ಲಿನ ಹಿಂದಿನ ತಲೆಮಾರಿಗೆ "ಮನೋವೈದ್ಯರು" ಅನ್ನುವ ಪದ ಅಷ್ಟು ಹೊಸದಲ್ಲ. ಆದರೆ ಅದು ಶಿವಮೊಗ್ಗ ಪೇಟೆಯ ಮಾತು. ಹೊಸನಗರದ ಒಳಹಳ್ಳಿಯ ಕಥೆ ಬೇರೆ.

ದೂರದ ವಿಷಯ ನೋಡಿ. ಕಾಯಿಲೆಯವರು ಚಿಕಿತ್ಸೆಗಾಗಿ ತುಂಬಾ ದೂರ ಹೋಗುವ ಹಾಗಾಗಬಾರದು ಅಂತ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿ ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯವರು ಸಾಗರಕ್ಕೆ ಬರಬೇಕಾದರೆ ಲಾಂಚ್ ಹತ್ತಬೇಕಿತ್ತು. ಸಂಜೆ ಲಾಂಚ್ ನಿಂತರೆ ಮುಗಿಯಿತು. ಸುತ್ತು ದಾರಿ ಅಂದರೆ ಗಂಟೆಗಟ್ಟಲೆ. ಮನಸ್ಸಿನ ಕಾಯಿಲೆ ರಾತ್ರಿ ಜೋರಾದರೆ ಆ ಮನೆಯವರು ಏನು ಮಾಡುತ್ತಿದ್ದರು? ಬೆಳಗಾಗುವವರೆಗೆ ಕೋಣೆಯ ಚಿಲಕ ಹಾಕುತ್ತಿದ್ದರು. ಅದನ್ನು ಕ್ರೌರ್ಯ ಅಂತ ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಸುದ್ದಿಯಲ್ಲಿ ಬಂದದ್ದು ಸಿಗಂದೂರು ದೇವಸ್ಥಾನ, ಪ್ರವಾಸೋದ್ಯಮ. ನನ್ನ ಪ್ರಕಾರ ಈ ಭಾಗದಲ್ಲಿ ಇತ್ತೀಚೆಗೆ ಆದ ದೊಡ್ಡ ಮಾನಸಿಕ ಆರೋಗ್ಯ ಯೋಜನೆಯೂ ಆ ಸೇತುವೆಯೇ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ.

ಮಳೆಯದು ಇನ್ನೊಂದು. ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ. ಸುರಿಯುವ ನೆಲ ಇದು. ಆಷಾಢದಲ್ಲಿ ಮರ ಬಿದ್ದು, ಧರೆ ಕುಸಿದು ಬಸ್ಸು ನಿಲ್ಲುವುದು ಮಾಮೂಲು. ಮಳೆಗಾಲಕ್ಕೆ ಮೊದಲೇ ಸೌದೆ, ಉಪ್ಪು, ಮೆಣಸು, ಹಪ್ಪಳ ಎಲ್ಲ ಸೇರಿಸಿಡುತ್ತೇವೆ. ಮಾತ್ರೆ ಮಾತ್ರ ತಿಂಗಳಿಗಾಗುವಷ್ಟೇ. ಎಲ್ಲರಿಗೂ ಒಟ್ಟಿಗೆ ಜಾಸ್ತಿ ಮಾತ್ರೆ ಕೊಡುವುದು ಸರಿಯಲ್ಲ, ಅಪಾಯವೂ ಇದೆ. ಆದರೆ ಯಾರಿಗೆ ಕೊಡಬಹುದು, ಯಾರ ಮನೆಗೆ ಆಶಾ ಕಾರ್ಯಕರ್ತೆ ತಲುಪಿಸಬೇಕು, ಯಾರಿಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಎರಡು ನಾಲ್ಕು ವಾರಕ್ಕೊಮ್ಮೆ ಇಂಜೆಕ್ಷನ್ ಆದೀತು ಅಂತ ಮೇ ತಿಂಗಳಲ್ಲೇ ಕೂತು ಪಟ್ಟಿ ಮಾಡಬಹುದಲ್ಲ. ರಾಜ್ಯಕ್ಕೆಲ್ಲ ಒಂದೇ ಸುತ್ತೋಲೆ ಹೊರಡಿಸಿದರೆ ಇದು ಬರುವುದಿಲ್ಲ. ಯಾರ ಮನೆ ಯಾವ ಗುಡ್ಡದ ಆಚೆ ಅಂತ ಗೊತ್ತಿದ್ದವರು ಮಾಡಬೇಕು.

ಗೊತ್ತಿದ್ದವರು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಹುಡುಕಲು ಹೊರದೇಶಕ್ಕೆ ಹೋಗಬೇಕಿಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವಂಥ ಕಾಯಿಲೆ) ಇರುವವರನ್ನು ಸ್ಥಳೀಯ ಆರೋಗ್ಯ ಕಾರ್ಯಕರ್ತರ ಮೂಲಕ ಹುಡುಕಿ, ಅವರ ಊರಿನಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಜೊತೆಗೇ ಬಂತು. ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ನಮ್ಮ ತೀರ್ಥಹಳ್ಳಿ ಹೆಸರು ಬಂದದ್ದು ಹೀಗೆ. ಚಿಕಿತ್ಸೆ ಇಲ್ಲದೆ ಉಳಿದವರಿಗಿಂತ ಚಿಕಿತ್ಸೆಯಲ್ಲಿದ್ದವರು ದಿನದ ಕೆಲಸದಲ್ಲಿ, ಜನರ ಜೊತೆ ಬೆರೆಯುವುದರಲ್ಲಿ ಮೇಲಿದ್ದರು ಅಂತ ಅವರ ಅಧ್ಯಯನ ತೋರಿಸಿತು. ಬಳಸಿದ್ದು ಮಾಮೂಲಿ, ಅಗ್ಗದ ಔಷಧಿಗಳನ್ನೇ. ಮಾತ್ರೆ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಮಾತ್ರೆಯ ಹಿಂದೆ ಹೆಸರು ಹಿಡಿದು ಕರೆಯುವ ಒಬ್ಬರು ಇದ್ದರು. ಸಂಶೋಧನೆಗೆ ಸಿಬ್ಬಂದಿ ಇರುತ್ತಾರೆ, ವಾಹನ ಇರುತ್ತದೆ. ಮಾಮೂಲಿ ಸರ್ಕಾರಿ ವ್ಯವಸ್ಥೆಯಲ್ಲಿ ಬರದವರು ರಿಜಿಸ್ಟರಿನಲ್ಲಿ ಒಂದು ಖಾಲಿ ಮನೆ, ಅಷ್ಟೇ.

ರಿಜಿಸ್ಟರ್ ಅಂದ ಕೂಡಲೇ ಅಂಗವಿಕಲರ ಕಾರ್ಡಿನ ಮಾತೂ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ 21 ಅಂಗವೈಕಲ್ಯಗಳಲ್ಲಿ ಒಂದು. ಸೌಲಭ್ಯ ಬೇಕಾದರೆ ಅಂಗವೈಕಲ್ಯ ಕನಿಷ್ಠ ಶೇ. 40 ಇರಬೇಕು. ತನ್ನ ಆರೈಕೆ ತಾನು ಮಾಡಿಕೊಳ್ಳುತ್ತಾರಾ, ಜನರ ಜೊತೆ ಹೇಗಿದ್ದಾರೆ, ಮಾತು ಅರ್ಥವಾಗುತ್ತದಾ, ಕೆಲಸ ಮಾಡುತ್ತಾರಾ ಅಂತ ನಾಲ್ಕು ವಿಷಯಕ್ಕೆ ಅಂಕ ಕೊಡುತ್ತಾರೆ. ಪ್ರಶ್ನೆಗಳು ಒಳ್ಳೆಯವೇ. ಆದರೆ ಈ ಕಾಯಿಲೆಯಲ್ಲಿ ಏರಿಳಿತ ಜಾಸ್ತಿ. ಪರೀಕ್ಷೆಯ ದಿನ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಅಂಕ ಇಳಿಯಬಹುದು. ಹಾಗಾಗಿ ಕೆಲವು ಮನೆಯವರು "ಅವತ್ತು ಗಡ್ಡ ತೆಗೀಬೇಡ" ಅಂತ ಹೇಳಿ ಕರೆದುಕೊಂಡು ಹೋಗುತ್ತಾರೆ. ಚೆನ್ನಾಗಿ ಕಾಣಿಸಿದರೆ ಪಿಂಚಣಿ ಹೋಗುತ್ತದೆ ಅನ್ನುವ ಭಯ. ವ್ಯಕ್ತಿಯನ್ನು ಮುಂದಿಟ್ಟು ಮಾಡಿದ ಕಾನೂನಿನ ಕೊನೆಯ ಮೆಟ್ಟಿಲಿನಲ್ಲಿ ವ್ಯಕ್ತಿ ಕೊಳಕಾಗಿ ನಿಲ್ಲಬೇಕು.

ಇನ್ನು ಭಾಷೆ. ಮಲೆನಾಡಿನ ಹೆಂಗಸರು ಡಾಕ್ಟರ ಹತ್ತಿರ "ನನಗೆ ಖಿನ್ನತೆ" ಅನ್ನುವುದಿಲ್ಲ. ಗ್ಯಾಸ್ಟ್ರಿಕ್ ಅನ್ನುತ್ತಾರೆ, ತಲೆಭಾರ ಅನ್ನುತ್ತಾರೆ, ಎದೆ ಹೊಡ್ಕೊಳ್ತದೆ ಅನ್ನುತ್ತಾರೆ. ಒತ್ತಿ ಕೇಳಿದರೆ "ಯೋಚನೆ ಜಾಸ್ತಿ ಆಗಿದೆ" ಅನ್ನುತ್ತಾರೆ. ಜಿಂಬಾಬ್ವೆಯ ಶೋನಾ ಭಾಷೆಯಲ್ಲೂ ಹೀಗೇ ಒಂದು ಪದ ಇದೆ, ಕುಫುಂಗಿಸಿಸ. ಅರ್ಥ, ಯೋಚನೆ ಜಾಸ್ತಿ ಆಗುವುದು. ಅಲ್ಲಿನ ಹರಾರೆ ನಗರದಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಅಜ್ಜಿಯರಿಗೆ ತರಬೇತಿ ಕೊಟ್ಟು ಆಸ್ಪತ್ರೆ ಆವರಣದ ಬೆಂಚಿನ ಮೇಲೆ ಕೂರಿಸಿದರು. ಬಂದವರ ಕಷ್ಟ ಕೇಳುವುದು, ಅದರಲ್ಲಿ ಒಂದನ್ನು ಆರಿಸಿ ಏನು ಮಾಡಬಹುದು ಅಂತ ಒಟ್ಟಿಗೆ ಯೋಚಿಸುವುದು, ಅಷ್ಟೇ ಕೆಲಸ. 2016ರಲ್ಲಿ ಬಂದ ಅಧ್ಯಯನದಲ್ಲಿ, ಮಾಮೂಲಿ ಆರೈಕೆ ಪಡೆದವರಿಗಿಂತ ಬೆಂಚಿಗೆ ಬಂದವರು ಆರು ತಿಂಗಳಲ್ಲಿ ಜಾಸ್ತಿ ಸುಧಾರಿಸಿದ್ದರು. ಅಜ್ಜಿಯರು ಕಾಯಿಲೆಯ ಇಂಗ್ಲಿಷ್ ಹೆಸರು ಹೇಳಲಿಲ್ಲ. ಜನ ಏನು ಅನ್ನುತ್ತಿದ್ದರೋ ಅದನ್ನೇ ಅಂದರು.

ನಮಗೂ ಜಗಲಿ ಇದೆ, ಅಜ್ಜಿಯರೂ ಇದ್ದಾರೆ. ಆದರೆ ಒಂದು ಅಡ್ಡಿ ಇದೆ. ಹರಾರೆ ದೊಡ್ಡ ನಗರ. ನಮ್ಮ ಊರಿನಲ್ಲಿ ಜಗಲಿಯ ಅಜ್ಜಿಗೆ ಹೇಳಿದ್ದು ಸಂಜೆಗೆ ಹಾಲಿನ ಡೈರಿಗೆ ತಲುಪುತ್ತದೆ. ಹೀಗಾಗಿ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಕೆಲವರಿಗೆ ವರವೇ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಸಿಗುತ್ತಾರೆ. ಆದರೆ ನೆಟ್‌ವರ್ಕಿಗೆ ಗುಡ್ಡ ಹತ್ತಬೇಕಾದ ಊರುಗಳಲ್ಲಿ ಹೆಣ್ಣುಮಗಳೊಬ್ಬಳು ರಾತ್ರಿ ಒಂಬತ್ತಕ್ಕೆ ಗುಡ್ಡ ಹತ್ತುತ್ತೇನೆ ಅಂದರೆ ಮನೆಯಲ್ಲಿ ಬೇರೆಯೇ ಪ್ರಶ್ನೆ ಏಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಮನೆಯವರ ಪರವಾಗಿಯೂ ಮಾತಾಡಬೇಕು. "ಅವರನ್ನೇ ಕೇಳಿ ಅಂತೀರಿ. ಅವರು ಏನೂ ಬೇಡ ಅಂದ್ರೆ? ರಾತ್ರಿ ಎದ್ದು ಓಡೋದು ನಿಮ್ಮನೇಲಲ್ಲ" ಅಂತ ನಮ್ಮ ಚಿಕ್ಕಮ್ಮ ಒಮ್ಮೆ ನನಗೆ ಮುಖದ ಮೇಲೇ ಹೇಳಿದ್ದರು. ಅವರ ಮಾತಿನಲ್ಲಿ ಸತ್ಯ ಇದೆ. ನಮ್ಮ ದೇಶದಲ್ಲಿ ಈ ಕಾಯಿಲೆಯ ಭಾರವೆಲ್ಲ ಹೊತ್ತಿರುವುದು ಮನೆಯವರು, ಅದರಲ್ಲೂ ಅಮ್ಮಂದಿರು. ಐವತ್ತರ ದಶಕದಲ್ಲೇ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆ ಆವರಣದಲ್ಲಿ ಡೇರೆ ಹಾಕಿಸಿ ಮನೆಯವರನ್ನೂ ಜೊತೆಗಿಟ್ಟು ಚಿಕಿತ್ಸೆ ಕೊಟ್ಟಿದ್ದರು. ಮನೆಯವರನ್ನು ಬಿಟ್ಟು ಇಲ್ಲಿ ಏನೂ ನಡೆಯುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಕಾಯ್ದೆಯೂ ಕೈ ಕಟ್ಟಿ ಕೂರಿ ಅನ್ನುವುದಿಲ್ಲ. ತನಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳುವ ಹಂತ, ತನ್ನನ್ನು ತಾನು ನೋಡಿಕೊಳ್ಳಲು ಪೂರ್ತಿ ಆಗದ ಹಂತ ಬಂದರೆ ಒಪ್ಪಿಗೆ ಇಲ್ಲದೆಯೂ ಸೇರಿಸಬಹುದು. ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಇಲ್ಲವೇ ಡಾಕ್ಟರು ಬೇರೆ ಬೇರೆಯಾಗಿ ನೋಡಬೇಕು, ಮೊದಲ ಅವಧಿ ಹೆಚ್ಚೆಂದರೆ 30 ದಿನ. ಸರಪಳಿ ಹಾಕುವುದು ಮಾತ್ರ ಯಾವ ಕಾರಣಕ್ಕೂ ಇಲ್ಲ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಮಾನಸಿಕ ಕಾಯಿಲೆಯವರನ್ನು ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸತ್ತರು. ಅದನ್ನು ನೆನಪಿಟ್ಟುಕೊಂಡರೆ ಈ ನಿಯಮಕ್ಕೆ ಬೇರೆ ವಿವರಣೆ ಬೇಡ.

ಕಾಯ್ದೆ ಬಗ್ಗೆ ನನ್ನ ತಕರಾರು ಬೇರೆ. ಅದು ಮನೆಯವರ ಕೈಯಿಂದ ಅಧಿಕಾರ ತೆಗೆದುಕೊಂಡಿತು, ಸರಿ. ಭಾರ ತೆಗೆದುಕೊಳ್ಳಲಿಲ್ಲ. ಚಿಕ್ಕಮ್ಮನಿಗೆ ಬೇಕಿದ್ದದ್ದು ಮಗನ ಮೇಲಿನ ಹಕ್ಕಲ್ಲ. ವಾರಕ್ಕೆ ಎರಡು ದಿನ ಅವನು ಹೋಗಿ ಕೂರುವಂಥ ಒಂದು ಜಾಗ, ತಾನು ತವರಿಗೆ ಹೋಗಿ ಎರಡು ರಾತ್ರಿ ನಿದ್ದೆ ಮಾಡಿ ಬರುವಷ್ಟು ಬಿಡುವು. ಹಗಲಿನ ಆರೈಕೆ ಕೇಂದ್ರಗಳು ನಮ್ಮ ರಾಜ್ಯದಲ್ಲಿ ಇವೆ, ಮಾನಸಧಾರ ಅಂತ. ಅವು ಜಿಲ್ಲಾ ಪೇಟೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹೋಬಳಿಗೆ ಇಳಿಯಬೇಕು. ಕಟ್ಟಡ ಬೇಡ. ಖಾಲಿ ಬಿದ್ದ ಶಾಲೆ ಕೋಣೆ ಆದೀತು, ಸೊಸೈಟಿಯ ಗೋಡೌನ್ ಆದೀತು.

ಮತ್ತೆ ಆ ಮನೆ ಮನೆಗೆ ಹೋಗುವ ಒಬ್ಬರು. ಆಶಾ ಕಾರ್ಯಕರ್ತೆಯರ ಮೇಲೇ ಎಲ್ಲ ಹೇರುವುದು ನಮ್ಮ ಹಳೆಯ ಚಾಳಿ. ಅವರಿಗೆ ಸಿಗುವ ಪ್ರೋತ್ಸಾಹಧನ ಕೆಲಸದ ಲೆಕ್ಕದಲ್ಲಿ. ಲಸಿಕೆಗೆ ಲೆಕ್ಕ ಇದೆ, ಹೆರಿಗೆಗೆ ಲೆಕ್ಕ ಇದೆ. ಒಬ್ಬರ ಪಕ್ಕ ಕೂತು ಮುಕ್ಕಾಲು ಗಂಟೆ ಸುಮ್ನೆ ಕೇಳಿಸಿಕೊಂಡದ್ದಕ್ಕೂ ಲೆಕ್ಕ ಇಟ್ಟು ದುಡ್ಡು ಕೊಡಿ. ಆಗ ನೋಡಿ.

ನನ್ನ ತಮ್ಮನ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಕಳೆದ ಚಳಿಗಾಲದಲ್ಲಿ ಅವನಿಗೆ ಈ 14ನೇ ಸೆಕ್ಷನ್ ಬಗ್ಗೆ ಹೇಳಿದೆ. ಅಡಿಕೆ ಸುಲಿಯುತ್ತಲೇ ಕೇಳಿಸಿಕೊಂಡ. ಮಾರನೇ ದಿನ ಬೆಳಿಗ್ಗೆ ಒಂದು ಬಿಳಿ ಹಾಳೆ ತಂದು ಕೊಟ್ಟ. ತನ್ನ ಪರವಾಗಿ ಮಾತಾಡಲು ಹೊಸನಗರದ ಸೋದರತ್ತೆಯ ಹೆಸರು ಬರೆದಿದ್ದ. ಕೆಳಗೆ ಸಹಿ. ನನಗೆ ಒಳಗೊಳಗೇ ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಇಷ್ಟು ವರ್ಷ ಓಡಾಡಿದವನು ನಾನಲ್ವಾ? ಕೇಳಿಯೇ ಬಿಟ್ಟೆ.

"ಅತ್ತೆ ಸುಮ್ನೆ ಕೂರ್ತಾಳೆ" ಅಂದ. "ನೀನು ಡಾಕ್ಟ್ರ ಹತ್ರ ಜಾಸ್ತಿ ಮಾತಾಡ್ತೀಯ ಅಣ್ಣಾ."